ಕುಲಕರ್ಣಿ: ನನ್ನ ಅಡ್ಡಹೆಸರಿನ ಲೆಕ್ಕ

ನಮಸ್ಕಾರ. ನನ್ನ ಅಡ್ಡಹೆಸರು ಕುಲಕರ್ಣಿ. ಬೆಂಗಳೂರಿನಲ್ಲಿ ಈ ಹೆಸರು ಹೇಳಿದ ಕೂಡಲೇ ಕೇಳಿದವರು ಎರಡು ಊಹೆ ಮಾಡುತ್ತಾರೆ: ಒಂದು ನನ್ನ ಊರಿನ ಬಗ್ಗೆ, ಇನ್ನೊಂದು ನನ್ನ ಜಾತಿಯ ಬಗ್ಗೆ. ಹುಬ್ಬಳ್ಳಿ-ಧಾರವಾಡದ ಕಡೆಯವರೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಜಾತಿಯ ಊಹೆಯ ಬಗ್ಗೆ ಮಾತ್ರ ನನಗೆ ಸ್ವಲ್ಪ ವಿವರವಾಗಿ ಮಾತನಾಡಬೇಕೆನಿಸುತ್ತದೆ, ಏಕೆಂದರೆ ಈ ಹೆಸರಿನಲ್ಲಿರುವ ‘ಕುಲ’ ಜಾತಿಯೆಂಬ ಅರ್ಥದ ಕುಲವಲ್ಲ.

ಹಳಬರು ಇದನ್ನು ಕುಳಕರ್ಣಿ ಎಂದೂ ಹೇಳುತ್ತಿದ್ದರು, ಬರೆಯುತ್ತಿದ್ದರು. ಕುಳ ಎಂದರೆ ಸರಕಾರಕ್ಕೆ ಕಂದಾಯ ಕಟ್ಟುವ ರೈತ. ಹಣವಂತನನ್ನು ಕುರಿತು ‘ಅವನು ದೊಡ್ಡ ಕುಳ’ ಎನ್ನುವಾಗ ನಾವು ಇಂದಿಗೂ ಆಡುವುದು ಇದೇ ಶಬ್ದವನ್ನು. ಕರಣ ಎಂದರೆ ಬರವಣಿಗೆ, ಲೆಕ್ಕಪತ್ರ. ಅದನ್ನು ನೋಡಿಕೊಳ್ಳುವವನು ಕರಣಿಕ. ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಮೊದಲು ಕರಣಿಕರಾಗಿದ್ದರೆಂದು ಪರಂಪರೆ ಹೇಳುತ್ತದೆಯಲ್ಲ, ಅದೇ ಕರಣಿಕ. ಹೀಗೆ ಊರಿನ ಕುಳಗಳ ಲೆಕ್ಕ ಬರೆಯುವವನು ಕುಳಕರ್ಣಿಯಾದ. ಇದೇ ಕೆಲಸವನ್ನು ಹಳೆಯ ಮೈಸೂರು ಸೀಮೆಯಲ್ಲಿ ಶಾನುಭೋಗರು ಮಾಡುತ್ತಿದ್ದರು. ನಮ್ಮ ಶಾಸನಗಳ ಕೊನೆಯಲ್ಲಿ ‘ಬರೆದ’ವನೆಂದು ಕಾಣಿಸಿಕೊಳ್ಳುವ ‘ಸೇನಬೋವ’ನೇ ಕಾಲಾಂತರದಲ್ಲಿ ಶಾನುಭೋಗನಾದವನು. ನಮ್ಮ ಕಡೆ ಹಲವು ಊರುಗಳು ಸೇರಿದ ಪರಗಣೆಯ ಲೆಕ್ಕ ನೋಡುವವರು ದೇಶಪಾಂಡೆ, ಅದರ ಮುಖ್ಯಸ್ಥರು ದೇಸಾಯಿ. ಇವೆಲ್ಲವೂ ಹುದ್ದೆಗಳು. ಆ ಹುದ್ದೆಯಲ್ಲಿ ಬ್ರಾಹ್ಮಣರು ಹೆಚ್ಚಾಗಿದ್ದರೆಂಬುದು ನಿಜ, ಆದರೆ ಲಿಂಗಾಯತರಲ್ಲಿಯೂ ಕುಲಕರ್ಣಿ ಮನೆತನಗಳಿವೆ. ಹೆಸರು ಕೇಳಿ ಜಾತಿ ತೀರ್ಮಾನಿಸುವವರು ಎಷ್ಟೋ ಸಲ ತಪ್ಪುವುದು ಇಲ್ಲಿಯೇ.

ಊರಿನ ಕಂದಾಯ ವಸೂಲಿಯ ಹೊಣೆ ಗೌಡನದು, ಅಂದರೆ ಪಾಟೀಲನದು. ಬರೆಯುವ ಹೊಣೆ ಕುಲಕರ್ಣಿಯದು. ಯಾವ ಹೊಲ ಯಾರದು, ಎಷ್ಟು ಬಿತ್ತಿದರು, ಎಷ್ಟು ಬೆಳೆಯಿತು, ಎಷ್ಟು ಬಾಕಿ ಉಳಿಯಿತು ಎಂಬುದೆಲ್ಲ ಚಾವಡಿಯಲ್ಲಿ ಅವನ ಲೇಖಣಿಯ ತುದಿಯಿಂದ ಇಳಿಯಬೇಕಿತ್ತು. ಇದಕ್ಕೆ ಪ್ರತಿಯಾಗಿ ಅವನಿಗೆ ವತನದ, ಅಂದರೆ ಹುದ್ದೆಯ ಜೊತೆಗೆ ವಂಶಪಾರಂಪರ್ಯವಾಗಿ ಬರುವ, ಭೂಮಿ ಇತ್ತು, ಸುಗ್ಗಿಯಲ್ಲಿ ರೈತರ ರಾಶಿಯಿಂದ ಬರುವ ಪಾಲಿತ್ತು. ಹುದ್ದೆ ತಂದೆಯಿಂದ ಮಗನಿಗೆ ಇಳಿಯುತ್ತಿದ್ದುದರಿಂದ ಹುದ್ದೆಯ ಹೆಸರೇ ಮನೆತನದ ಹೆಸರಾಗಿ ನಿಂತಿತು.

ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ ಅಭಿಮಾನದಿಂದ ಹೇಳುತ್ತಿದ್ದರು. ಮುಂದಿನ ಭಾಗವನ್ನು ನಾನು ಮನೆಯ ಹೊರಗೆ ಕೇಳಿದೆ. ಕಿತ್ತೂರು ಕಂಪನಿ ಸರಕಾರದ ವಶವಾದ ಮೇಲೆ ಸಂಗೊಳ್ಳಿ ರಾಯಣ್ಣನ ಮನೆತನದ ಭೂಮಿಯೂ ಕೈತಪ್ಪಿತು, ಉಳಿದದ್ದರ ಮೇಲೆ ಭಾರವಾದ ತೆರಿಗೆ ಬಿತ್ತು. ಆ ತೆರಿಗೆ ಕೊಡಲಾಗದ್ದಕ್ಕೆ ಊರಿನ ಕುಲಕರ್ಣಿ ರಾಯಣ್ಣನ ತಾಯಿ ಕೆಂಚಮ್ಮನ ಬೆನ್ನಿನ ಮೇಲೆ ಕಲ್ಲು ಹೇರಿಸಿ ಅವಮಾನಿಸಿದನೆಂದು ಬೆಳಗಾವಿ ಸೀಮೆಯ ಜನ ಇಂದಿಗೂ ಕಥೆ ಹೇಳುತ್ತಾರೆ. ಅದನ್ನು ಮೊದಲ ಸಲ ಕೇಳಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹೇಳುತ್ತಿದ್ದ ಹಿರಿಯರು ‘ಕುಲಕರ್ಣಿ’ ಎಂಬ ಶಬ್ದ ಬಂದಾಗ ನನ್ನ ಮುಖ ನೋಡಿ, ಒಂದು ಕ್ಷಣ ತಡೆದು, ಆಮೇಲೆ ಮುಂದುವರಿಸಿದರು. ಆ ಒಂದು ಕ್ಷಣ ನನ್ನನ್ನು ಇಂದಿಗೂ ಬಿಟ್ಟಿಲ್ಲ. ರಾಯಣ್ಣನ ಸಂಗಡಿಗರು ಸರಕಾರಿ ಕಚೇರಿಗಳಿಗೆ ಬೆಂಕಿ ಇಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಕಚೇರಿಯನ್ನು ಸುಡುವುದೆಂದರೆ ಅದರೊಳಗಿನ ಲೆಕ್ಕವನ್ನೂ ಸುಡುವುದು. ಓದುಬರಹ ತಿಳಿಯದ ಊರಿನಲ್ಲಿ ಬರೆಯಬಲ್ಲವನೊಬ್ಬನೇ ಇದ್ದಾಗ ಅವನು ಬರೆದದ್ದನ್ನು ಪ್ರಶ್ನಿಸುವ ದಾರಿ ರೈತನಿಗೆ ಇರಲಿಲ್ಲ. ಬಾಕಿ ಎಂದು ಬರೆದರೆ ಬಾಕಿ, ಬೇರೆಯವನ ಹೊಲ ಎಂದು ಬರೆದರೆ ಬೇರೆಯವನದು. ಎಲ್ಲ ಕುಲಕರ್ಣಿಗಳೂ ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಮಾಡಬಹುದಾದ ಶಕ್ತಿ ಎಲ್ಲ ಕುಲಕರ್ಣಿಗಳಿಗೂ ಇತ್ತು ಎನ್ನುತ್ತಿದ್ದೇನೆ, ಮತ್ತು ಆ ಶಕ್ತಿಯ ನೆನಪು ಊರಿನ ಮನಸ್ಸಿನಲ್ಲಿ ನಮ್ಮ ಹೆಸರಿಗೆ ಅಂಟಿಕೊಂಡಿರುವುದು ನ್ಯಾಯವಾಗಿಯೇ ಇದೆ ಎಂದು ನಂಬುತ್ತೇನೆ.

ಆ ಹುದ್ದೆ ಈಗಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳು ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1950ರ ಪರಗಣೆ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯ್ದೆ 1951ರ ಮೇ 1ರಿಂದ ಜಾರಿಗೆ ಬಂತು. ಏಕೀಕರಣದ ನಂತರ ಉಳಿದ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು; ಅದು ಜಾರಿಯಾದದ್ದು 1963ರ ಫೆಬ್ರುವರಿ 1ರಂದು. ಸಂಬಳದ ತಲಾಠಿ ಬಂದ; ಗ್ರಾಮಲೆಕ್ಕಿಗ ಎಂಬ ಹೆಸರು ಬಂದರೂ ನಮ್ಮ ಕಡೆಯ ರೈತರ ಬಾಯಲ್ಲಿ ಅವನು ತಲಾಠಿಯಾಗಿಯೇ ಉಳಿದ. ಯಾರ ಮಗನಾಗಿದ್ದರೂ, ಯಾರ ಮಗಳಾಗಿದ್ದರೂ ಅರ್ಹತೆಯ ಮೇಲೆ ಆ ಕೆಲಸಕ್ಕೆ ಸೇರುವಂತಾಯಿತು. ಹುಟ್ಟಿನಿಂದ ಬರುತ್ತಿದ್ದ ಅಧಿಕಾರವನ್ನು ಕಾನೂನು ಕಿತ್ತುಕೊಂಡದ್ದು ಬಹಳ ಒಳ್ಳೆಯ ಕೆಲಸವೆಂದು ಆ ವತನದ ಮನೆಯಲ್ಲಿ ಹುಟ್ಟಿದ ನಾನು ಮನಸಾರೆ ಹೇಳುತ್ತೇನೆ.

ಹುದ್ದೆ ಹೋದ ಮೇಲೂ ನಮ್ಮ ಮನೆಯ ಅಟ್ಟದ ಮೇಲೆ ಒಂದು ರುಮಾಲು ಉಳಿದಿತ್ತು. ರುಮಾಲೆಂದರೆ ಕೆಂಪು ಬಟ್ಟೆಯಲ್ಲಿ ಬಿಗಿದು ಕಟ್ಟಿದ ಕಾಗದಗಳ ಗಂಟು. ಸರಕಾರಕ್ಕೆ ಒಪ್ಪಿಸಬೇಕಾದ ದಫ್ತರವನ್ನು ಅಜ್ಜ ಒಪ್ಪಿಸಿದ್ದರು; ಇದು ಮನೆಯಲ್ಲಿಟ್ಟುಕೊಂಡ ಪ್ರತಿಗಳು, ಚೀಟಿಗಳು, ಟಿಪ್ಪಣಿಗಳು. ಪ್ರತಿ ವರ್ಷ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನ ಅಜ್ಜಿ ಅದನ್ನು ಕೆಳಗಿಳಿಸಿ, ಕುಡುಗೋಲು, ಈಳಿಗೆ, ಅಜ್ಜನ ಲೇಖಣಿಗಳ ಜೊತೆಗಿಟ್ಟು, ಅರಿಷಿಣ ಕುಂಕುಮ ಏರಿಸಿ, ಮರುದಿನ ಮತ್ತೆ ಅಟ್ಟಕ್ಕೆ ಸೇರಿಸುತ್ತಿದ್ದರು. ಆ ದಿನಗಳಲ್ಲಿ ಗಂಟು ಬಿಚ್ಚಿದ್ದನ್ನು ನಾನು ನೋಡಲೇ ಇಲ್ಲ. ಬಿಚ್ಚಿದ್ದರೂ ನಮ್ಮಲ್ಲಿ ಯಾರೂ ಓದಬಲ್ಲವರಾಗಿರಲಿಲ್ಲ, ಏಕೆಂದರೆ ಪೇಶ್ವೆಗಳ ಕಾಲದಿಂದ ನಮ್ಮ ಭಾಗದ ಲೆಕ್ಕಪತ್ರಗಳು ಬಹುಮಟ್ಟಿಗೆ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ನಡೆದು ಬಂದಿದ್ದವು. ಲೇಖಣಿ ಎತ್ತದೆ ಸರಸರನೆ ಬರೆಯುವ ಆ ಲಿಪಿ ಇಂದು ಮರಾಠಿ ಬಲ್ಲವರಿಗೂ ಸುಲಭವಾಗಿ ತಿಳಿಯುವುದಿಲ್ಲ. ಬರೆಯುವುದನ್ನೇ ಹೆಸರಾಗಿಸಿಕೊಂಡ ಮನೆತನದಲ್ಲಿ ಹಿರಿಯರು ಬರೆದದ್ದನ್ನು ಓದುವವರು ಒಬ್ಬರೂ ಉಳಿಯಲಿಲ್ಲ ಎಂಬುದು ನನಗೆ ತುಂಬ ನೋವಿನ ಸಂಗತಿ.

ಮೋಡಿ ಬಲ್ಲ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಿ ಮೊದಲ ಕೆಲವು ಹಾಳೆಗಳನ್ನು ನಾನು ಓದಿಸಿದೆ. ನಮ್ಮ ವಂಶದ ದೊಡ್ಡಸ್ತಿಕೆಯ ಮಾತು ಏನಾದರೂ ಸಿಕ್ಕೀತೆಂದು ಒಳಗೊಳಗೇ ಆಸೆ ಇತ್ತು. ಸಿಕ್ಕಿದ್ದು ಕುಳಗಳ ಯಾದಿ: ಸಾಲುಸಾಲಾಗಿ ರೈತರ ಹೆಸರು, ತಂದೆಯ ಹೆಸರು, ಹೊಲದ ಗುರುತು, ಕೊಟ್ಟದ್ದು, ಉಳಿದದ್ದು. ಅಲ್ಲಲ್ಲಿ ಗಂಡ ಸತ್ತ ಹೆಂಗಸರ ಹೆಸರಿನಲ್ಲಿಯೂ ಬಾಕಿ. ಬರೆದವರ ಹೆಸರು ಮಕ್ಕಳು ಮೊಮ್ಮಕ್ಕಳಿಗೆ ಅಡ್ಡಹೆಸರಾಗಿ ಉಳಿಯಿತು. ಬರೆಯಿಸಿಕೊಂಡವರ ಹೆಸರುಗಳಿಗೆ ಆ ಗಂಟನ್ನು ಬಿಟ್ಟು ಬೇರೆ ಎಲ್ಲಿಯೂ ಜಾಗ ಸಿಕ್ಕಿರಲಿಲ್ಲ. ಅಂದಿನಿಂದ ಆ ರುಮಾಲು ನಮ್ಮ ಮನೆಯ ಆಸ್ತಿ ಎಂದು ನನಗೆ ಅನಿಸುವುದಿಲ್ಲ. ಅದು ಊರಿನದು, ಮೊದಲು ಆ ಕುಳಗಳ ಮಕ್ಕಳದು.

ಆದ್ದರಿಂದ ಕುಲಕರ್ಣಿ, ದೇಶಪಾಂಡೆ, ನಾಡಗೌಡ, ಶಾನುಭೋಗ ಎಂಬ ಹೆಸರು ಹೊತ್ತ ಎಲ್ಲರಲ್ಲಿ ನನ್ನದೊಂದು ವಿನಂತಿ ಇದೆ. ನಿಮ್ಮ ಮನೆಯಲ್ಲಿ ಹಳೆಯ ರುಮಾಲು, ಕಡತ, ದಫ್ತರ ಏನಿದ್ದರೂ ಗೆದ್ದಲಿಗೆ ಬಿಡಬೇಡಿ, ರದ್ದಿಗೆ ಹಾಕಬೇಡಿ. ಹಾಳೆಹಾಳೆಯ ಫೋಟೋ ತೆಗೆಯಿರಿ, ಲಿಪಿ ಬಲ್ಲವರಿಂದ ಓದಿಸಿರಿ, ಮೂಲವನ್ನು ಪತ್ರಾಗಾರಕ್ಕೋ ವಿಶ್ವವಿದ್ಯಾಲಯಕ್ಕೋ ಕೊಡಿರಿ. ಅದರಲ್ಲಿ ನಿಮ್ಮ ಹಿರಿಯರ ತಪ್ಪು ಕಂಡರೆ ಆ ಹಾಳೆಯನ್ನು ತೆಗೆದಿಡಬೇಡಿ. ಅದೂ ಓದಿನೊಳಗೆ ಬರಲಿ.

ಕಳೆದ ಬೇಸಿಗೆಯಲ್ಲಿ ಕನ್ನಡದಲ್ಲಿ ಬರೆಯಿಸಿದ ಆ ಯಾದಿಯನ್ನು ಹಿಡಿದುಕೊಂಡು ಊರಿಗೆ ಹೋದೆ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಹೆಸರು ಓದುತ್ತಿದ್ದಾಗ ಜನ ಸೇರಿದರು. ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಅಜ್ಜಿ ನನ್ನ ಪಕ್ಕಕ್ಕೆ ಬಂದು ಕುಳಿತು, ಹಾಳೆಯ ಮೇಲೆ ಬೆರಳಿಟ್ಟು, “ಕುಲಕರ್ಣ್ಯಾರ, ನಮ್ಮ ಮುತ್ಯಾನ ಹೆಸರ ಎಲ್ಲಿ ಐತಿ ತೋರಸ್ರಿ” ಎಂದರು. ನಾಲ್ಕನೆಯ ಹಾಳೆಯಲ್ಲಿ ಇತ್ತು. ತೋರಿಸಿದೆ.