ಹಗ್ಗ ಬಿಡಿ, ಬೋಲ್ಟು ಹಾಕಿ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಹೋಂಸ್ಟೇ ಮಾಲೀಕರ ಮುಂದೆ ನಿಂತು ಮರದ ಬಗ್ಗೆ ಮಾತಾಡೋದಕ್ಕೆ ಸ್ವಲ್ಪ ಧೈರ್ಯ ಬೇಕು. ಗದ್ದೆ ಕಾಯಲು ಅಟ್ಟಣಿಗೆ ಹಾಕಿ ಮಲಗಿದವರೂ ಇಲ್ಲಿರಬಹುದು. ಆದರೆ ಆ ಅಟ್ಟಣಿಗೆ ಒಂದು ಬೆಳೆಯ ಕಾಲಕ್ಕೆ ಕಟ್ಟಿದ್ದು. ಕೊಯ್ಲು ಮುಗಿದರೆ ಬಿಚ್ಚಿ ಒಲೆಗೆ ಹಾಕಿದರಾಯಿತು. ಅತಿಥಿಗಳಿಗೆಂದು ಮರದ ಮೇಲೆ ಕಟ್ಟುವ ಈಗಿನ ಟ್ರೀಹೌಸಿಗೆ ಕಮೋಡು ಬೇಕು, ಗೀಸರು ಬೇಕು, ಬ್ಯಾಂಕ್ ಸಾಲ ತೀರುವವರೆಗೆ ನಿಲ್ಲಲೂ ಬೇಕು!

ನಿಮ್ಮಲ್ಲಿ ಹಲವರು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ: ‘ನಾವು ಮರಕ್ಕೆ ಒಂದು ಮೊಳೆಯನ್ನೂ ಹೊಡೆದಿಲ್ಲ ಸಾರ್, ಎಲ್ಲ ಹಗ್ಗ, ಚೈನಿನಲ್ಲೇ ಬಿಗಿದಿದ್ದೇವೆ.’ ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಮರ ಸಾಯುವುದು ಅದರಿಂದಲೇ.

ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿ. ಅದಕ್ಕೆ ಅಂಟಿಕೊಂಡಿರುವ ತೆಳುವಾದ ಪದರವೇ ಪ್ರತಿ ವರ್ಷ ಕಾಂಡಕ್ಕೆ ಹೊಸ ಸುತ್ತು ಕಟ್ಟುವುದು. ಕಾಂಡ ದಪ್ಪವಾಗುತ್ತದೆ, ಹಗ್ಗ ಸಡಿಲವಾಗುವುದಿಲ್ಲ. ಮಗುವಿನ ಉಡಿದಾರವನ್ನು ಬಿಗಿಯಾದಾಗ ಬದಲಿಸುತ್ತೇವೆ, ಮರಕ್ಕೆ ಕಟ್ಟಿದ್ದನ್ನು ಬದಲಿಸುವವರು ಯಾರು? ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಮನೆಯ ಹಿತ್ತಲಲ್ಲಿ ಹಲಸಿನ ಮರ ನೋಡಿದೆ. ಬಟ್ಟೆ ಒಣಹಾಕಲು ಸುತ್ತಿದ ತಂತಿ ಪೂರ್ತಿ ಒಳಗೆ ಹೋಗಿದೆ. ತಂತಿಯ ಮೇಲೆ ಕಾಂಡ ತುಟಿಯ ಹಾಗೆ ಊದಿಕೊಂಡಿದೆ, ಕೆಳಗೆ ಸಣ್ಣಗಿದೆ. ಇಳಿಯುವ ಸಕ್ಕರೆ ಅಲ್ಲೇ ತಡೆದು ನಿಂತಿದ್ದಕ್ಕೆ ಆ ಊತ. ಕೆಳಗೆ ಬೇರು ಉಪವಾಸ. ಮನೆಯವರು ‘ಈ ಸಲ ಕಾಯಿ ಕಡಿಮೆ’ ಎಂದರು.

ಹಾಗಾದರೆ ಏನು ಮಾಡಬೇಕು? ಇಲ್ಲಿ ಒಂದು ಕಥೆ ಹೇಳಲೇಬೇಕು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮೈಕೆಲ್ ಗಾರ್ನಿಯರ್ ಎಂಬವರು 1990ರ ದಶಕದಲ್ಲಿ ಟ್ರೀಹೌಸ್ ಕಟ್ಟಿ ಅತಿಥಿಗಳನ್ನು ಇಳಿಸಲು ಶುರು ಮಾಡಿದರು. ಸ್ಥಳೀಯ ಆಡಳಿತ ಅನುಮತಿ ಕೊಡಲಿಲ್ಲ. ನಗುತ್ತಿದ್ದೀರಿ, ಯಾವ ಆಫೀಸು ನೆನಪಾಯಿತೋ! ಮನೆ ಗಟ್ಟಿಯಿದೆ ಎಂದು ತೋರಿಸಲು ಅವರು 66 ಜನರನ್ನು ಒಟ್ಟಿಗೆ ಮೇಲೆ ಹತ್ತಿಸಿದರು. ಜೊತೆಗೆ ಎರಡು ನಾಯಿ, ಒಂದು ಬೆಕ್ಕು. ಆ ಬೆಕ್ಕನ್ನು ಯಾವ ಲೆಕ್ಕಕ್ಕೆ ಸೇರಿಸಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಮನೆ ಅಲ್ಲಾಡಲಿಲ್ಲ, ಆಫೀಸೂ ಅಲ್ಲಾಡಲಿಲ್ಲ. ಬಾಡಿಗೆ ತಗೊಳ್ಳಬಾರದು ತಾನೇ? ಟೀಶರ್ಟ್ ಮಾರಿದರು. ಶರ್ಟ್ ಕೊಂಡವರೆಲ್ಲ ಸ್ನೇಹಿತರು. ಸ್ನೇಹಿತರು ಮನೆಯಲ್ಲಿ ಮಲಗಿದರೆ ಯಾರು ಕೇಳುತ್ತಾರೆ? ವರ್ಷಗಟ್ಟಲೆ ಗುದ್ದಾಡಿದ ಮೇಲೆ ಅನುಮತಿ ಸಿಕ್ಕಿತು. ನೀವು ಟೀಶರ್ಟ್ ಉಪಾಯ ಮಾಡಬೇಡಿ, ಇಲ್ಲಿ ಜಿಎಸ್‌ಟಿಯವರು ಬರುತ್ತಾರೆ.

ನನಗೆ ಬೇಕಾದದ್ದು ಅವರ ಬೋಲ್ಟು. ಇಂಜಿನಿಯರ್ ಜೊತೆ ಸೇರಿ ಅವರು ರೂಪಿಸಿದ್ದು ಇಂಚಿಗಿಂತ ದಪ್ಪನೆಯ ಉಕ್ಕಿನ ಬೋಲ್ಟು. ನಡುವೆ ಬಳೆಯಂಥ ಅಗಲವಾದ ಕಾಲರ್ ಇರುತ್ತದೆ, ಅದು ಮರಕ್ಕೆ ಒತ್ತಿ ಕೂರುತ್ತದೆ. ತೊಲೆ ಕೂರುವುದು ಹೊರಗಿನ ತುದಿಯಲ್ಲಿ. ಆರೋಗ್ಯವಾದ ಗಟ್ಟಿ ಮರದಲ್ಲಿ ಇಂಥ ಒಂದೇ ಬೋಲ್ಟು ಸಾವಿರಾರು ಕಿಲೋ ಹೊರುತ್ತದೆ. ತೊಲೆಗೂ ಕಾಂಡಕ್ಕೂ ನಡುವೆ ಜಾಗ ಇರುವುದರಿಂದ ಮರ ದಪ್ಪವಾಗಬಹುದು.

‘ಅಷ್ಟು ದಪ್ಪ ತೂತು ಕೊರೆದರೆ ನೋವಾಗಲ್ವಾ?’ ಗಾಯವಂತೂ ಆಗುತ್ತದೆ. ಅಲೆಕ್ಸ್ ಶಿಗೊ ಎಂಬ ಅಮೆರಿಕದ ವಿಜ್ಞಾನಿ ಸಾವಿರಾರು ಮರಗಳನ್ನು ಚೈನ್ ಗರಗಸದಲ್ಲಿ ಸೀಳಿ ನೋಡಿದವರು. ಮರ ನಮ್ಮ ಹಾಗೆ ಗಾಯ ಮಾಯಿಸಿಕೊಳ್ಳುವುದಿಲ್ಲ, ಗಾಯದ ಸುತ್ತ ಗೋಡೆ ಕಟ್ಟಿ, ಕೊಳೆತ ಆಚೆ ಹರಡದಂತೆ ತಡೆಯುತ್ತದೆ ಎಂದು ತೋರಿಸಿದರು. ಒಂದು ತೂತಾದರೆ ಒಂದು ಗೋಡೆ. ಹತ್ತಿರ ಹತ್ತಿರ ಐವತ್ತು ಮೊಳೆ ಹೊಡೆದರೆ ಗಾಯಗಳೆಲ್ಲ ಕೂಡಿ ಅಷ್ಟು ಭಾಗ ಸತ್ತಂತೆಯೇ. ಅದಕ್ಕೇ ಕಡಿಮೆ ಬೋಲ್ಟು ಹಾಕಿ, ದಪ್ಪ ಬೋಲ್ಟು ಹಾಕಿ, ಒಂದರ ಮೇಲೊಂದು ಬಂದರೆ ಒಂದೂವರೆ ಅಡಿಯಾದರೂ ಬಿಡಿ. ಹಗ್ಗದ ಎದುರು ಮಾತ್ರ ಮರ ಗೋಡೆ ಕಟ್ಟಲಾರದು, ಅದು ಸುತ್ತಲೂ ಹಿಡಿದಿರುತ್ತದಲ್ಲ.

ಮರ ಬೆಳೆದ ಹಾಗೆ ಮನೆಯೂ ಮೇಲಕ್ಕೆ ಹೋಗುತ್ತಾ ಅಂತ ಆಗಲೇ ಯಾರೋ ಕೇಳಿದರು. ಇಲ್ಲ. ಮರ ಎತ್ತರವಾಗುವುದು ತುದಿಯಲ್ಲಿ. ಎದೆಮಟ್ಟದ ಬೋಲ್ಟು ಎದೆಮಟ್ಟದಲ್ಲೇ ಇರುತ್ತದೆ.

ಸಂಘಟಕರು ಚೀಟಿ ಕಳಿಸಿದ್ದಾರೆ, ಸಾರು ಆರುತ್ತಿದೆಯಂತೆ. ಬೇಗ ಹೇಳಿಬಿಡುತ್ತೇನೆ. ಎರಡು ಮರದ ಮೇಲೆ ಕಟ್ಟುವುದಾದರೆ ತೊಲೆಯ ಒಂದು ತುದಿ ಬಿಗಿಯಿರಲಿ, ಇನ್ನೊಂದು ಜಾರುವಂತಿರಲಿ. ಜೂನ್ ಗಾಳಿಗೆ ಎರಡೂ ಮರ ಒಂದೇ ತಾಳಕ್ಕೆ ಆಡುವುದಿಲ್ಲ, ಎರಡೂ ಕಡೆ ಬಿಗಿದರೆ ತೊಲೆಯೋ ಬೋಲ್ಟೋ ಮುರಿಯುತ್ತದೆ. ಹಲಗೆಯ ನಡುವೆ ಕಾಂಡ ಹೋಗುವಲ್ಲಿ ಸುತ್ತ ಮೂರ್ನಾಲ್ಕು ಇಂಚು ಬಿಡಿ.

ಬುಡದಲ್ಲಿ ಅಣಬೆ ಎದ್ದಿದ್ದರೆ ಆ ಮರ ಬೇಡ, ಬೇರು ಕೊಳೆತಿರಬಹುದು. ಸಿಲ್ವರ್ ಓಕ್ ಬೇಡವೇ ಬೇಡ, ಕೊಂಬೆ ಲಟಕ್ಕನೆ ಮುರಿಯುತ್ತದೆ. ಮೆಣಸು ಹಬ್ಬಿಸಿಕೊಳ್ಳಲಿ ಸಾಕು.

ಇನ್ನು ಬೇರಿನ ವಿಷಯ. ಇದಕ್ಕೇ ಅರ್ಧ ಗಂಟೆ ಇಟ್ಟಿದ್ದೆ. ಬೇರು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ, ನೆರಳಿನ ಆಚೆಗೂ ಹರಡಿರುತ್ತದೆ. ಬುಡಕ್ಕೆ ಸಿಮೆಂಟ್ ಹಾಕಬೇಡಿ, ಅತಿಥಿಗಳ ಕಾರು ಅಲ್ಲಿ ನಿಲ್ಲಿಸಬೇಡಿ. ಉಳಿದದ್ದನ್ನು ಊಟದ ಸಾಲಿನಲ್ಲಿ ನಿಂತು ಕೇಳಿ. ಹಗ್ಗ ಕಟ್ಟಿದವರು ಮೊದಲು ಬನ್ನಿ, ಬಿಚ್ಚುವುದು ಹೇಗೆ ಎಂದು ಹೇಳುತ್ತೇನೆ.