ಅಣ್ಣನ ಕೈಗೆ ಬಂದ ಅಡಕೊತ್ತು

ನಮಸ್ಕಾರ. ಈ ವಿಡಿಯೊದಲ್ಲಿ ಈಗ ನೀವು ನೋಡುತ್ತಿರುವ ಕೈ ನಮ್ಮ ಅಣ್ಣನದು. ವರ್ಷವಿಡೀ ಲ್ಯಾಪ್‌ಟಾಪ್ ಕುಟ್ಟುವ ಕೈ, ಸಂಕ್ರಾಂತಿ ಹತ್ತಿರ ಬಂದರೆ ಎಳ್ಳು-ಬೆಲ್ಲಕ್ಕಾಗಿ ಅಡಕೊತ್ತು ಹಿಡಿಯುತ್ತದೆ. ಕೊಬ್ಬರಿ ಗಿಟುಕಿನ ಕಂದು ಸಿಪ್ಪೆಯನ್ನು ಹೆರೆದು ತೆಗೆಯಬೇಕು, ಉದ್ದಕ್ಕೆ ಸೀಳಬೇಕು, ಆಮೇಲೆ ಅಡ್ಡಡ್ಡ ಕತ್ತರಿಸಬೇಕು. ಚೂರು ಹುರಿಗಡಲೆಗಿಂತ ದಪ್ಪವಾಯಿತೋ, ಅಮ್ಮ ತಟ್ಟೆಯನ್ನು ಮೆಲ್ಲಗೆ ಅವನ ಕಡೆಗೇ ತಳ್ಳುತ್ತಾರೆ. ಬೈಗುಳಕ್ಕಿಂತ ಅದು ಜಾಸ್ತಿ ನಾಟುತ್ತದೆ.

ಬೆಲ್ಲ ಇನ್ನೂ ತಂಟೆಯದು. ಅಚ್ಚು ಬೆಲ್ಲ ತೇವವಿದ್ದರೆ ಅಡಕೊತ್ತಿಗೇ ಮೆತ್ತಿಕೊಳ್ಳುತ್ತದೆ, ಒಣಗಿದ್ದರೆ ಪುಡಿಯಾಗುತ್ತದೆ. ಕತ್ತರಿಸಿದ್ದನ್ನೆಲ್ಲ ಬಿಸಿಲಿಗೆ ಹಾಕದೆ ಬೆರೆಸಿದರೆ ಎಳ್ಳು ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ. ನಮ್ಮ ಬಾಲ್ಕನಿಯೋ ಉತ್ತರಕ್ಕೆ ಮುಖ ಮಾಡಿದೆ. ಜನವರಿಯಲ್ಲಿ ಸೂರ್ಯ ದಕ್ಷಿಣದಲ್ಲಿರುತ್ತಾನೆ. ಬೆಂಗಳೂರಿನಲ್ಲಿ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ ಬೀಳಬೇಕಾದರೆ ಏಪ್ರಿಲ್ ಕೊನೆಯವರೆಗೆ ಕಾಯಬೇಕು. ಪಂಚಾಂಗದಲ್ಲಿ ಉತ್ತರಾಯಣ ಬಂದರೂ ನಮ್ಮ ಬಾಲ್ಕನಿಗೆ ಬರುವುದಿಲ್ಲ! ಹಾಗಾಗಿ ತಟ್ಟೆಗಳೆಲ್ಲ ಲಿಫ್ಟ್ ಹತ್ತಿ ತಾರಸಿಗೆ ಹೋದವು.

ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಉಜ್ಜಿ, ಕೇರಿ, ಬೇಳೆ ಮಾಡಿದ್ದು ನಾನು. ಸಕ್ಕರೆ ಅಚ್ಚನ್ನು ಅಂಗಡಿಯಿಂದ ತಂದೆವು. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಕಟ್ಟಿ, ಪಾಕಕ್ಕೆ ಹಾಲು ಹಾಕಿ ಕಲ್ಮಷ ತೆಗೆದು ಎರೆಯುವ ಪುರುಸೊತ್ತು ಈಗ ಯಾರಿಗೂ ಇಲ್ಲ. ಅದರ ಬಗ್ಗೆ ನನಗೇನೂ ಕೊರಗಿಲ್ಲ.

ಗಾಂಧಿ ಬಜಾರಿನಲ್ಲಿ ಬೆರೆಸಿಟ್ಟ ಎಳ್ಳೇ ಸಿಗುತ್ತದೆ, ಅದನ್ನೇ ತರಬಾರದೇ ಎಂದು ಕೆಲವರು ಕೇಳುತ್ತಾರೆ. ಧಾರಾಳವಾಗಿ ತರಬಹುದು. ಆದರೆ ‘ಸಂಪ್ರದಾಯ ಉಳಿಸಬೇಕು’ ಎಂದು ಸೋಫಾದ ಮೇಲೆ ಕುಳಿತು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಉಳಿಸಬೇಕೆನ್ನುವವರು ಒಂದು ಗಿಟುಕು ಹೆರೆಯಲಿ. ಹಿಂದೆ ಈ ಕೆಲಸವೆಲ್ಲ ಅಮ್ಮ, ಅತ್ತೆ, ಚಿಕ್ಕಮ್ಮಂದಿರದೇ ಆಗಿತ್ತು. ಗಂಡಸರು ಹಾದುಹೋಗುವಾಗ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಅಷ್ಟೇ.

ಈ ಸಲ ಅತ್ತಿಗೆಗೆ ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿ. ನಮ್ಮ ಕಡೆ ಹೊಸದಾಗಿ ಮದುವೆಯಾದವರು ಐದು ವರ್ಷ ಎಳ್ಳಿನ ಜೊತೆ ಬಾಳೆಹಣ್ಣನ್ನೂ ಬೀರುತ್ತಾರೆ. ಅತ್ತಿಗೆ ಆಫೀಸಿನ ಕರೆ ಮುಗಿಸಿ, ರೇಷ್ಮೆ ಸೀರೆ ಉಟ್ಟು ಬರುವಷ್ಟರಲ್ಲಿ ಸಂಜೆ ಏಳು ದಾಟಿತ್ತು. ಹಣ್ಣಿನ ಚೀಲ ಭಾರ. ಅಣ್ಣ ಎತ್ತಿಕೊಂಡು ಹಿಂದೆಯೇ ಹೊರಟ.

‘ಗಂಡಸರು ಎಳ್ಳು ಬೀರುವುದಕ್ಕೆ ಹೋಗುವುದು ಎಲ್ಲಾದರೂ ಉಂಟೇನೋ?’ ಎಂದರು ಅಮ್ಮ.

‘ಬೀರುವುದು ಅವಳೇ ಅಮ್ಮ, ನಾನು ಕೂಲಿ’ ಎಂದ ಅಣ್ಣ.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೂ ಲಿಫ್ಟಿನವರೆಗೆ ಹಿಂಬಾಲಿಸಿ ಹೋಗಿ ತಾಕೀತು ಮಾಡಿದರು: ‘ಮೂರನೇ ಮಹಡಿಯ ಮನೆ ಬಿಡಬೇಡಿ. ಹೋದ ವರ್ಷ ಮೊದಲು ಬೀರಿದ್ದು ಅವರೇ. ಅವರ ಸ್ಟೀಲ್ ಡಬ್ಬಿ ಇನ್ನೂ ನಮ್ಮಲ್ಲೇ ಇದೆ, ಅದರಲ್ಲೇ ತುಂಬಿಟ್ಟಿದ್ದೇನೆ.’