ಬೆಳಿಗ್ಗೆ ಹೋಗಿ ಸಂಜೆ ಬರುವುದು: ಕಾರಿಲ್ಲದೆ ಶ್ರೀರಂಗಪಟ್ಟಣ

[ದೃಶ್ಯ: ಬೆಳಗಿನ ಜಾವ, ಬೆಂಗಳೂರಿನ ಮೆಜೆಸ್ಟಿಕ್. ಒಂದು ಕಡೆ ಬಸ್ ನಿಲ್ದಾಣ, ರಸ್ತೆಯಾಚೆ ರೈಲು ನಿಲ್ದಾಣ.]

ನಮಸ್ಕಾರ. ಭಾನುವಾರ ಬೆಳಿಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಬೇಕು, ಸ್ವಂತ ಕಾರಿಲ್ಲ, ಬಾಡಿಗೆ ಕಾರೂ ಬೇಡ ಎನ್ನುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಹೋಗುವ ಬಸ್ಸು ಎಷ್ಟು ಗಂಟೆಗೆ ಎಂದು. ನಾನು ಮೊದಲು ನೋಡುವುದು ಹಿಂದಿರುಗುವ ಬಸ್ಸನ್ನು. ಹೋಗುವಾಗ ಒಂದು ಬಸ್ಸು ತಪ್ಪಿದರೆ ಅರ್ಧ ಗಂಟೆ ತಡವಾಗುತ್ತದೆ; ಬರುವಾಗ ಕೊನೆಯದು ತಪ್ಪಿದರೆ ಗುರುತು ಪರಿಚಯವಿಲ್ಲದ ಊರಿನ ಕಲ್ಲುಬೆಂಚೇ ಗತಿ. ಆದುದರಿಂದ ಹಿಂದಿರುಗಲು ಎರಡು ದಾರಿಗಳಿರುವ, ಇಳಿದ ಕಡೆಯಿಂದ ನೋಡುವ ಜಾಗಕ್ಕೆ ನಡೆದು ಹೋಗಬಹುದಾದ ಊರನ್ನೇ ಆರಿಸಿಕೊಳ್ಳುವುದು ಕ್ಷೇಮ. ಬೆಂಗಳೂರಿನ ಸುತ್ತ ಈ ಎರಡೂ ಗುಣಗಳು ಒಟ್ಟಿಗೆ ಕೂಡಿಬಂದಿರುವ ಊರು ಶ್ರೀರಂಗಪಟ್ಟಣ.

[ದೃಶ್ಯ: ಬೆಂಗಳೂರು–ಮೈಸೂರು ರೈಲುಮಾರ್ಗದ ನಕಾಶೆ.]

ಬಸ್ಸಿನಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆಯ ಮಾತನ್ನು ಮೊದಲೇ ಹೇಳಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇಷ್ಟೂ ಊರುಗಳನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಮೈಸೂರಿಗೆ ಹೋಗುವ ಬಸ್ಸೆಲ್ಲವೂ ಶ್ರೀರಂಗಪಟ್ಟಣದೊಳಗೆ ಹೋಗಿಯೇ ಹೋಗುತ್ತದೆ ಎಂಬ ಹಳೆಯ ನಂಬಿಕೆಯಲ್ಲಿ ಒಮ್ಮೆ ಹತ್ತಿ ಕುಳಿತ ನಾನು, ಬೈಪಾಸಿನಲ್ಲಿ ಇಳಿದು, ಬೆನ್ನಿಗೆ ಚೀಲ ಹಾಕಿಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ ಊರಿನ ದಾರಿ ಹುಡುಕಿದ್ದೇನೆ. ತಪ್ಪು ನನ್ನದೇ, ಕೇಳಿ ಹತ್ತಬೇಕಿತ್ತು. ‘ತಡೆರಹಿತ’ ಎಂಬ ಫಲಕವಿದ್ದರೆ ಬಿಟ್ಟುಬಿಡಿ. ಇಲ್ಲದಿದ್ದರೂ ಹತ್ತುವ ಮುನ್ನ ಕಂಡಕ್ಟರನ್ನು ‘ಊರೊಳಗೆ ಹೋಗುತ್ತದೆಯೇ?’ ಎಂದು ಕೇಳಿಯೇ ಹತ್ತಿ. ಮೈಸೂರು ಕಡೆಯ ಬಸ್ಸುಗಳಿಗಾಗಿ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಹೋಗಬೇಕು. ರಾಜ್ಯದ ಮಹಿಳೆಯರಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕೆಂಪು ಬಸ್ಸುಗಳಲ್ಲಿ ಪ್ರಯಾಣ ಉಚಿತವಾದರೂ ರಾಜಹಂಸ, ಐರಾವತಗಳಲ್ಲಿ ಪೂರ್ತಿ ದರ ಕೊಡಬೇಕಾಗುತ್ತದೆ. ಗುರುತಿನ ಚೀಟಿ ಕೈಯಲ್ಲಿರಲಿ.

ನನ್ನ ಆಯ್ಕೆ ಮಾತ್ರ ರೈಲು. ಕಾರಣ ಸರಳವಾಗಿದೆ: ರೈಲು ಊರನ್ನು ಬಳಸಿಕೊಂಡು ಹೋಗುವುದಿಲ್ಲ, ಕೋಟೆಯೊಳಕ್ಕೇ ಹೋಗಿ ನಿಲ್ಲುತ್ತದೆ. ಎಲ್ಲ ರೈಲುಗಳೂ ಅಲ್ಲ. ವಂದೇ ಭಾರತ್ ಇಲ್ಲಿ ನಿಲ್ಲುವುದಿಲ್ಲ. ಮೆಮು, ಪ್ಯಾಸೆಂಜರ್ ಮತ್ತು ಕೆಲವು ಎಕ್ಸ್‌ಪ್ರೆಸ್ ರೈಲುಗಳು ನಿಲ್ಲುತ್ತವೆ, ವೇಳಾಪಟ್ಟಿಯನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಬೇಕು. ಕಾಯ್ದಿರಿಸುವ ಅಗತ್ಯವಿಲ್ಲ, ಜನರಲ್ ಟಿಕೆಟ್ ಸಾಕು. ಆದರೆ 200 ಕಿಲೋಮೀಟರಿಗಿಂತ ಕಡಿಮೆ ದೂರದ ಜನರಲ್ ಟಿಕೆಟನ್ನು ಬೆಳಿಗ್ಗೆ ತೆಗೆದಿಟ್ಟುಕೊಂಡು ಮಧ್ಯಾಹ್ನ ಬಳಸಲು ಬರುವುದಿಲ್ಲ, ಪಡೆದ ಮೂರು ಗಂಟೆಯೊಳಗೆ ಹೊರಡಬೇಕು ಎಂಬುದು ನಿಯಮ. ಹೀಗಾಗಿ ಹಿಂದಿರುಗುವ ಟಿಕೆಟನ್ನು ಸಂಜೆ ಹೊರಡುವ ಹೊತ್ತಿಗಷ್ಟೇ ಕೊಳ್ಳಬೇಕು. ಕೌಂಟರಿನ ಸಾಲು ಬೇಡವೆಂದರೆ ರೈಲ್ವೆಯ ಆ್ಯಪ್‌ನಲ್ಲಿ, ನಿಲ್ದಾಣದ ಆವರಣ ಸೇರುವ ಮೊದಲೇ ತೆಗೆಯಿರಿ.

[ದೃಶ್ಯ: ಓಡುವ ರೈಲಿನ ಕಿಟಕಿ. ರಾಮನಗರದ ಬಂಡೆಗಳು, ನಂತರ ಭತ್ತದ ಗದ್ದೆ, ಕಬ್ಬು.]

ಎರಡೂವರೆ, ಮೂರು ಗಂಟೆಯ ಈ ಪ್ರಯಾಣದಲ್ಲಿ ಬುತ್ತಿಯನ್ನು ಬಿಚ್ಚುವ ಅವಸರ ಬೇಡ. ಮದ್ದೂರು ಸಮೀಪಿಸುವಷ್ಟರಲ್ಲಿ ವಡೆಯ ಬುಟ್ಟಿ ಬೋಗಿಯೊಳಗೆ ಬರುತ್ತದೆ. ಕೈಗೆ ಕೊಟ್ಟ ಕಾಗದದಲ್ಲಿ ಎಣ್ಣೆ ಇಳಿದು ಅಕ್ಷರಗಳು ಹಿಂದು ಮುಂದಾಗಿ ಕಾಣುತ್ತವೆ. ವಡೆಯ ಅಂಚು ಮುರಿದರೆ ಚಿರೋಟಿ ರವೆ ಕರಕರ ಎನ್ನುತ್ತದೆ, ಒಳಗೆ ಕೆಂಪಾದ ಈರುಳ್ಳಿ, ಹಲ್ಲಿಗೆ ಸಿಗುವ ಒಂದು ಕರಿಬೇವು. ಮಂಡ್ಯ ದಾಟಿ, ಪಾಂಡವಪುರ ಕಳೆದು, ರೈಲು ಕಾವೇರಿಯ ಉತ್ತರದ ಕವಲನ್ನು ದಾಟುತ್ತಿದ್ದಂತೆ ಚಕ್ರದ ಸದ್ದು ಬದಲಾಗುತ್ತದೆ. ಸದ್ದು ಬದಲಾಯಿತೆಂದರೆ ಇಳಿಯಲು ಸಿದ್ಧರಾಗಿ, ಇಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

[ದೃಶ್ಯ: ಶ್ರೀರಂಗಪಟ್ಟಣ ನಿಲ್ದಾಣ, ಟಿಪ್ಪುವಿನ ಕಾಲದ ಶಸ್ತ್ರಾಗಾರ.]

ಊರು ನೋಡುವ ಕೆಲಸ ನಿಲ್ದಾಣದಿಂದಲೇ ಆರಂಭವಾಗುತ್ತದೆ. ಈ ಮಾರ್ಗವನ್ನು ಜೋಡಿಹಳಿ ಮಾಡುವಾಗ ಟಿಪ್ಪುವಿನ ಶಸ್ತ್ರಾಗಾರವೊಂದು ಅಡ್ಡ ಬಂದಿತು. ಕೆಡವುವಂತಿಲ್ಲ, ಹಳಿಯನ್ನು ಬೇರೆ ಕಡೆಗೆ ತಿರುಗಿಸಲು ಜಾಗವಿಲ್ಲ. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನೇ ಬುಡದಿಂದ ಬಿಡಿಸಿ, ಜಾಕ್‌ಗಳ ಮೇಲೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ನೀವು ಬಂದ ರೈಲಿಗೆ ದಾರಿ ಬಿಟ್ಟುಕೊಟ್ಟ ಕಟ್ಟಡವಿದು.

ರಂಗನಾಥಸ್ವಾಮಿ ದೇವಸ್ಥಾನಕ್ಕೆ ಮೊದಲು ಹೋಗಿ, ಏಕೆಂದರೆ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ಅಲ್ಲಿಂದ ಬ್ರಿಟಿಷ್ ಸೇನಾಧಿಕಾರಿ ಬೇಯ್ಲಿಯ ಹೆಸರಿನ ಬಂದೀಖಾನೆ, 1799ರ ಮೇ 4ರಂದು ಟಿಪ್ಪು ಮಡಿದ ಜಾಗ, ಎರಡು ಮಿನಾರುಗಳ ಮಸೀದಿ, ಇವೆಲ್ಲವನ್ನೂ ನಡೆದೇ ನೋಡಬಹುದು. ಕೋಟೆಯಾಚೆ ಇರುವ ದರಿಯಾ ದೌಲತ್, ಅಂದರೆ ಟಿಪ್ಪುವಿನ ಬೇಸಿಗೆ ಅರಮನೆ, 1784ರದು. ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ ಅದರ ಹೊರಗೋಡೆಯ ಮೇಲಿದೆ, ಅದಕ್ಕೆ ಅರ್ಧ ಗಂಟೆಯನ್ನಾದರೂ ಕೊಡಿ. ಹೈದರ್, ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಮತ್ತು ಕಾವೇರಿಯ ಕವಲುಗಳು ಕೂಡುವ ಸಂಗಮಕ್ಕೆ ಮಾತ್ರ ಆಟೋ ಬೇಕು. ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆಯನ್ನು ಮೊದಲೇ ಮಾತನಾಡಿಕೊಳ್ಳಿ.

[ದೃಶ್ಯ: ನಂದಿ ಹಾಲ್ಟ್, ಕಲ್ಲುಕಟ್ಟಡದ ಪುಟ್ಟ ನಿಲ್ದಾಣ.]

ನಂದಿಬೆಟ್ಟದ ಬಗ್ಗೆಯೂ ಹಲವರು ಕೇಳುತ್ತಾರೆ. ಬಸ್ಸು, ರೈಲು ನಂಬಿಕೊಂಡು ಬೆಟ್ಟದ ತುದಿಯಲ್ಲಿ ಸೂರ್ಯೋದಯ ನೋಡುವ ಆಸೆಯನ್ನು ಬಿಡುವುದೇ ಒಳ್ಳೆಯದು, ಹೊತ್ತು ಹೊಂದುವುದಿಲ್ಲ. ಬೆಟ್ಟದ ಕೆಳಗಿನ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ಮಾತ್ರ ಈ ಬಗೆಯ ಪ್ರವಾಸಕ್ಕೆ ಹೇಳಿಮಾಡಿಸಿದಂತಿದೆ. ಅದಕ್ಕೆ ಇಳಿಯಬೇಕಾದ ನಂದಿ ಹಾಲ್ಟ್ ನಿಲ್ದಾಣಕ್ಕೆ ರೈಲುಗಳು ಕಡಿಮೆ, ಎಲ್ಲ ದಿನವೂ ಇರುತ್ತವೆಯೇ ಎಂದು ನೋಡಿಕೊಳ್ಳಬೇಕು. ಆದರೆ ಹತ್ತಿರದ ಚಿಕ್ಕಬಳ್ಳಾಪುರ ತಲುಪಿದರೆ ಬೆಂಗಳೂರಿಗೆ ಬಸ್ಸಿನ ಚಿಂತೆಯಿಲ್ಲ. ಎರಡನೆಯ ದಾರಿ ಎಂದರೆ ಇದೇ.

[ದೃಶ್ಯ: ಸಂಜೆ, ಶ್ರೀರಂಗಪಟ್ಟಣದ ಬಸ್ ನಿಲ್ದಾಣ.]

ಶ್ರೀರಂಗಪಟ್ಟಣದ ಎರಡನೆಯ ದಾರಿ ಮೈಸೂರು. ಸಂಜೆಯ ರೈಲು ತಪ್ಪಿತೆಂದರೆ ಅಲ್ಲೇ ನಿಂತು ಬೆಂಗಳೂರಿನ ಬಸ್ಸಿಗೆ ಕೈ ಅಡ್ಡ ಹಾಕಬೇಡಿ; ಭಾನುವಾರ ಸಂಜೆ ಮೈಸೂರಿನಲ್ಲೇ ತುಂಬಿಬರುವ ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟ. ನಗರ ಸಾರಿಗೆ ಬಸ್ಸಿನಲ್ಲಿ ಸುಮಾರು 15 ಕಿಲೋಮೀಟರ್ ಹಿಮ್ಮುಖವಾಗಿ ಮೈಸೂರಿಗೇ ಹೋಗಿ, ಬಸ್ಸು ಹೊರಡುವ ಜಾಗದಲ್ಲಿಯೇ ಹತ್ತಿ ಕುಳಿತುಕೊಳ್ಳಿ. ಕೇಳಲು ಸುತ್ತುಬಳಸೆನ್ನಿಸಿದರೂ ನಿಂತು ಬರುವುದು ತಪ್ಪುತ್ತದೆ. ಬೆಂಗಳೂರು ಸಮೀಪಿಸಿದಾಗ ಮೈಸೂರು ರಸ್ತೆಯ ವಾಹನದಟ್ಟಣೆಯಲ್ಲಿ ಸ್ಯಾಟಲೈಟ್‌ವರೆಗೆ ತೆವಳುವ ಬದಲು, ಬಸ್ಸು ಕೆಂಗೇರಿಯಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿಯಿರಿ.

[ದೃಶ್ಯ: ಕೆಂಗೇರಿ ಮೆಟ್ರೋ ನಿಲ್ದಾಣದ ಮೆಟ್ಟಿಲು. ಕತ್ತಲಾಗುತ್ತದೆ.]